ದುಭಾಷಿಯ ದಿನಗೂಲಿ

ದಿನಕ್ಕೆ ತೊಂಬತ್ತು ಸಾವಿರ ಪೆಸೊ, ಮಧ್ಯಾಹ್ನದ ಊಟ,
ಕಂಪನಿಯ ಹೆಸರು ಹೊತ್ತ ಟೋಪಿ.
ಗುವಾಹಿರಾದ ಈ ಕೆಂಪು ನೆಲದಲ್ಲಿ
ಬಾಯಿಗೆ ಇಷ್ಟು ಕೂಲಿ ಯಾರು ಕೊಟ್ಟಾರು?
ಅವರ ಸ್ಪ್ಯಾನಿಷನ್ನು ನಮ್ಮವರ ಕಿವಿಗೆ,
ನಮ್ಮ ವಯೂ ನುಡಿಯನ್ನು ಅವರ ಕಿವಿಗೆ
ಹೊಯ್ಯುವುದು ನನ್ನ ಕೆಲಸ.
ನಡುವೆ ಚೆಲ್ಲಿದ್ದು ನನ್ನ ಪಾಲು.

ಬೊಗೊಟಾದಿಂದ ಬಂದ ಲಿಸಾಂದ್ರೊ ಒಳ್ಳೆಯ ಮನುಷ್ಯ,
ಇದನ್ನು ಮೊದಲೇ ಹೇಳಿಬಿಡಬೇಕು.
ಕೊಟ್ಟ ಕಹಿ ಕಾಫಿಯನ್ನು ಕೆಳಗಿಡದೆ ಕುಡಿಯುತ್ತಾನೆ.
ಮೇಕೆಮರಿ ಫೈಲಿನ ಅಂಚು ತಿಂದಾಗ
ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.
ಅವನ ಬೆನ್ನ ಹಿಂದೆ ಇಪ್ಪತ್ತೇಳು ಗಾಳಿಕಂಬ.
ರಾತ್ರಿ ಒಂದೊಂದರ ನೆತ್ತಿಯಲ್ಲೂ ಕೆಂಪು ದೀಪ,
ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುವ ಕಣ್ಣು.
ಕೆಳಗೆ ನಾವು ಟಾರ್ಚಿನ ಸೆಲ್ಲುಗಳನ್ನು ಬಿಸಿಲಿಗಿಟ್ಟು
ಇನ್ನೆರಡು ದಿನ ಎಳೆಯುತ್ತೇವೆ.

ಅಂದು ಅವನು ಶುರು ಮಾಡಿದ್ದು ಹೀಗೆ:
"ಸಾಮಾಜಿಕ ಜವಾಬ್ದಾರಿಯ ಅಂಗವಾಗಿ
ಕಂಪನಿಯು ನಿಮಗೆ..."
ಅಲ್ಲೇ ತೊಡರಿತು ನನ್ನ ನಾಲಗೆ.
ಜವಾಬ್ದಾರಿ. ಅದನ್ನು ಏನೆನ್ನಲಿ?
ಮಗುವಿಗೆ ತಾಯಿ ಇದ್ದಂತೆಯೇ? ಅಷ್ಟಿಲ್ಲ.
ಮೇಕೆಗೆ ಕಾಯುವ ಹುಡುಗ ಇದ್ದಂತೆಯೇ? ಅದೂ ಅಲ್ಲ.
ಚಪ್ಪರದಡಿ ಹದಿನೆಂಟು ಮುಖ ಕಾಯುತ್ತಿದ್ದವು.
ಕೈಗೆ ಸಿಕ್ಕ ಪದ ಎಸೆದೆ:
ಋಣ.
"ಕಂಪನಿ ನಮಗೆ ತೀರಿಸಬೇಕಾದ ಋಣದಲ್ಲಿ..."

ಜೋಲಿಯಲ್ಲಿ ಕಣ್ಣು ಮುಚ್ಚಿದ್ದ ಓತೀಲಿಯಾ ಪುಷೈನಾ
ಎದ್ದು ಕೂತಳು.
"ಒಪ್ಪಿಕೊಂಡರಾ? ಅವರ ಬಾಯಿಂದಲೇ?"
"ಏನಂತೆ?" ಲಿಸಾಂದ್ರೊ ಕೇಳಿದ.
"ಸಂತೋಷವಾಯಿತಂತೆ" ಅಂದೆ. ಸುಳ್ಳೇನಲ್ಲ.

ನಿಲುವಂಗಿಯ ಮಡಿಲಲ್ಲಿ ಕಲ್ಲು ಆರಿಸಿ ತಂದಳು.
ಕೋಲಿನಿಂದ ನೆಲದಲ್ಲೊಂದು ಗೆರೆ. ಆಚೆ ಅವರು, ಈಚೆ ನಾವು.
ಲಾರಿಗೆ ಸಿಕ್ಕ ಗಬ್ಬದ ಮೇಕೆ: ಎರಡು ಕಲ್ಲು,
ಹೊಟ್ಟೆಯೊಳಗಿನದನ್ನು ಮರೆಯಕೂಡದು.
ಕಡಿದ ಮರ: ನಾಲ್ಕು,
ನೆರಳಿನ ಲೆಕ್ಕ ಬೇರೆ, ಕಾಯಿಯ ಲೆಕ್ಕ ಬೇರೆ.
ಅವ್ವನ ಮೂಳೆಗಳನ್ನು ಕೈಯಾರೆ ಒರೆಸಿ
ಎರಡನೆಯ ಸಲ ಮಲಗಿಸಿದ ಜಾಗದಿಂದ
ನಲವತ್ತೇ ಹೆಜ್ಜೆಗೆ ಅವರ ರಸ್ತೆ.
ಇಲ್ಲಿ ಕೈ ತಡೆಯಿತು.
ಒಂದಿಟ್ಟಳು. ಇನ್ನೊಂದು.
ಆಮೇಲೆ ಮುಷ್ಟಿಯನ್ನೇ ಬಿಚ್ಚಿದಳು.

ಮತ್ತೆ, ಯಾರೂ ಕೇಳದೆಯೇ, ಕಳೆಯತೊಡಗಿದಳು.
ನೀಲಿ ಟ್ಯಾಂಕು. "ಸಿಹಿನೀರು, ಇಲ್ಲವೆನ್ನಬಾರದು.
ಮೊಮ್ಮಗಳ ಭೇದಿ ನಿಂತದ್ದು ಅದರಿಂದಲೇ."
ಮೂರು ತೆಗೆದಳು.
"ಮಂಗಳವಾರ ಟ್ಯಾಂಕರು ಬಾರದ ವಾರಗಳು?"
ಒಂದು ಮರಳಿ ಇಟ್ಟಳು.
ಶಾಲೆಗೆ ಬಳಿದ ಕಂಪನಿಯ ಹಸಿರು:
ಯೋಚಿಸಿದಳು, ಏನನ್ನೂ ಮುಟ್ಟಲಿಲ್ಲ.
ಮಕ್ಕಳ ನೋಟ್‌ಬುಕ್ಕಿಗೆ ಅರ್ಧ ಕಲ್ಲು ಹುಡುಕಿದಳು,
ಸಿಗಲಿಲ್ಲ. ಹೋಗಲಿ ಎಂದು ಇಡಿಯದನ್ನೇ ತೆಗೆದಳು.
"ಗಾಳಿಗೆ ಎಷ್ಟು?" ಪಕ್ಕದ ಹುಡುಗ ಕೇಳಿದ.
"ಗಾಳಿ ನನ್ನಪ್ಪನ ಆಸ್ತಿಯೇನೋ?" ಗದರಿದಳು.
"ನನ್ನದಲ್ಲದ್ದರ ಲೆಕ್ಕ ನಾನಿಡೆ."

"ಎಷ್ಟು ಚೆಂದ! ಇದೇನು, ಆಟವೇ?"
ಲಿಸಾಂದ್ರೊ ಫೋಟೊ ತೆಗೆದ.
ಬಾಯಿ ತೆರೆದೆ.
ಟೋಪಿ ಹಣೆಗೆ ಬಿಗಿಯುತ್ತಿತ್ತು.
"ಹಳೆಯ ಪದ್ಧತಿ" ಅಂದೆ.

ಹೊರಡುವಾಗ ಬಗ್ಗಿ
ಬಿಳಿಪಟ್ಟೆಯ ಕಲ್ಲೊಂದನ್ನು ಎತ್ತಿದ.
"ನೆನಪಿಗೆ ಒಯ್ಯಲೇ?"
ಅವಳು ಎರಡೂ ಕೈಯಿಂದ
ಅವನ ಬೆರಳುಗಳನ್ನು ಅದರ ಮೇಲೆ ಮಡಚಿದಳು.
ಜೀಪಿನ ಧೂಳು ಇಳಿದ ಮೇಲೆ ನನ್ನತ್ತ ತಿರುಗಿ,
"ಒಯ್ದನಲ್ಲ. ಅಂದರೆ ಒಪ್ಪಿದ.
ಇನ್ನು ಹನ್ನೊಂದು ಬಾಕಿ."

ವಾರ್ಷಿಕ ವರದಿ ಬಂತು, ನುಣ್ಣನೆಯ ಹಾಳೆ.
ಪುಟ ಮೂವತ್ತೊಂದರಲ್ಲಿ ಅವಳು, ಗೆರೆ, ಕಲ್ಲು.
ಕೆಳಗೆ ಸಣ್ಣಕ್ಷರ: ಬಿಡುವಿನ ವೇಳೆಯಲ್ಲಿ ಫಲಾನುಭವಿ.
"ಏನು ಬರೆದಿದ್ದಾರೆ?"
ಅಂದು ಟೋಪಿ ಮನೆಯಲ್ಲೇ ಬಿಟ್ಟಿದ್ದೆ,
ಕೂಲಿಯೂ ಇಲ್ಲದ ದಿನ.
ಫಲಾನುಭವಿಯ ಬಳಿ ನಾಲಗೆ ಮತ್ತೆ ತೊಡರಿತು.
"ಸಾಲ ಕೊಟ್ಟವಳು" ಅಂದೆ,
"ಬಿಡುವಾಗಿ ಕೂತು ಕಾಯುತ್ತಿದ್ದಾಳೆ."

ಹಾಳೆಯನ್ನು ದೂರ ಹಿಡಿದು ನೋಡಿದಳು.
"ಸರಿಯಾಗಿಯೇ ಬರೆದಿದ್ದಾರೆ."
ಗೆರೆಯ ಮೇಲೆ ನಡೆಯಹೊರಟ ಮೇಕೆಯನ್ನು
ಹುಶ್ ಎಂದು ಅಟ್ಟಿದಳು.